ಕಾಗದದಲ್ಲಿ ಇದ್ದಷ್ಟು

ಅಳಿಯನಾದವನು ಮಾವನನ್ನು ಹೊಗಳಿ ಬರೆಯಲು ಕುಳಿತರೆ ಓದುವವರ ತುಟಿಯಂಚಿನಲ್ಲಿ ಕಿರುನಗೆ ಮೂಡುವುದು ಸಹಜ. ನಮ್ಮ ಹಿರಿಯರು ಅಳಿಯನನ್ನು ನವಗ್ರಹಗಳ ಸಾಲಿಗೆ ಸೇರಿಸಿ ಹತ್ತನೆಯ ಗ್ರಹವೆಂದು ಕರೆದುಬಿಟ್ಟಿದ್ದಾರೆ. ಗ್ರಹವೇ ತಾನು ಪೀಡಿಸಿದವನ ಗುಣಗಾನಕ್ಕೆ ತೊಡಗಿತೆಂದರೆ ಅದರ ಹಿಂದೆ ಏನೋ ಲೆಕ್ಕಾಚಾರವಿದೆಯೆಂದು ಜನ ತಿಳಿಯುತ್ತಾರೆ. ಮಾವನಿಗೆ ಹೊಲಮನೆ ಎಷ್ಟು, ಗಂಡುಮಕ್ಕಳು ಇದ್ದಾರೆಯೆ ಎಂದು ಮೆಲ್ಲನೆ ವಿಚಾರಿಸುತ್ತಾರೆ. ಆದುದರಿಂದ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮಾವನವರಿಂದ ನನ್ನ ಪಾಲಿಗೆ ಬಂದದ್ದು ಒಂದು ತಗಡಿನ ಟ್ರಂಕು. ಅದರೊಳಗಿದ್ದುದು ಕೂಡ ಅವರದಲ್ಲ, ಊರವರದು. ಆ ಟ್ರಂಕಿನ ಸಂಗತಿ ಮುಂದೆ ಬರುತ್ತದೆ.

ಅವರು ತೀರಿಕೊಂಡದ್ದು 2023ರ ಆಷಾಢದಲ್ಲಿ. ಎಪ್ಪತ್ತೈದು ವರ್ಷ ತುಂಬಿತ್ತು. ರಾತ್ರಿ ಒಂದು ಬಟ್ಟಲು ಅಂಬಲಿ ಕುಡಿದು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಯಾರಿಗೂ ತೊಂದರೆ ಕೊಡದೆ ಹೋದರು ಎಂದು ಬಂದವರೆಲ್ಲರೂ ಹೇಳಿದರು. ಸಾವಿನ ಮನೆಯಲ್ಲಿ ಆಡುವ ಮಾತುಗಳಲ್ಲಿ ಅದೂ ಒಂದು. ಆದರೆ ಅವರ ವಿಷಯದಲ್ಲಿ ಅದು ಅಕ್ಷರಶಃ ನಿಜವಾಗಿತ್ತು.

ಹುಟ್ಟಿದ್ದು 1948ರಲ್ಲಿ, ಔರಾದ ತಾಲೂಕಿನ ಒಂದು ಸಣ್ಣ ಊರಿನಲ್ಲಿ. ನಮ್ಮ ಕಡೆ ಹಳಬರು ಆ ವರ್ಷವನ್ನು ಇಸವಿಯಿಂದ ಗುರುತಿಸುವುದಿಲ್ಲ. 'ಪೊಲೀಸ್ ಆಕ್ಷನ್ ಆದ ವರ್ಷ' ಎನ್ನುತ್ತಾರೆ. ಆ ಸೆಪ್ಟೆಂಬರ್ ತಿಂಗಳಿನಲ್ಲಿ ಭಾರತದ ಸೇನೆ ಹೈದರಾಬಾದು ಸಂಸ್ಥಾನವನ್ನು ಪ್ರವೇಶಿಸಿತು. 17ನೆಯ ತಾರೀಖು ನಿಜಾಮರು ಶರಣಾದರು. ಮಾವನವರ ತಂದೆ ನಿಜಾಮರ ಕಾಲದ ಪಟವಾರಿ. ಸರಕಾರ ಬದಲಾಯಿತು, ಬಾವುಟ ಬದಲಾಯಿತು, ಆದರೆ ಪಟವಾರಿಯ ಮನೆಯ ಜಂತೆಗೆ ತೂಗುಹಾಕಿದ್ದ ಕೆಂಪು ಬಟ್ಟೆಯ ದಫ್ತರಗಳು ಅಲ್ಲಿಯೇ ತೂಗುತ್ತಿದ್ದವು. ಅವುಗಳಲ್ಲಿದ್ದ ಬರಹವೆಲ್ಲ ಉರ್ದು. ನಿಜಾಮರ ಆಡಳಿತದಲ್ಲಿ ಕಚೇರಿಯ ಭಾಷೆ ಅದೇ ಆಗಿತ್ತಲ್ಲವೆ?

ಹುಡುಗನಿಗೆ ಎಂಟು ವರ್ಷವಾದಾಗ ಜಿಲ್ಲೆಯೇ ತುಂಡಾಯಿತು. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ, ನಾರಾಯಣಖೇಡಗಳು ಆಂಧ್ರಪ್ರದೇಶದ ಪಾಲಾದವು. ಬೀದರ, ಭಾಲ್ಕಿ, ಹುಮನಾಬಾದ, ಔರಾದಗಳು ಮೈಸೂರು ರಾಜ್ಯಕ್ಕೆ ಬಂದವು. ಅವರ ಸೋದರತ್ತೆಯನ್ನು ಕೊಟ್ಟಿದ್ದ ಊರು ಉದಗೀರದ ಬದಿಯಲ್ಲಿತ್ತು. ರಾತ್ರಿ ಮಲಗುವಾಗ ಅತ್ತೆಯ ಮನೆ ನಮ್ಮ ಜಿಲ್ಲೆಯಲ್ಲಿತ್ತು, ಬೆಳಿಗ್ಗೆ ಎದ್ದಾಗ ಬೇರೆ ರಾಜ್ಯದಲ್ಲಿತ್ತು ಎಂದು ಅವರು ನಗುತ್ತ ಹೇಳುತ್ತಿದ್ದರು. ಆ ಮನೆಯಲ್ಲಿ ಮರಾಠಿ, ಸಂತೆಯಲ್ಲಿ ದಖ್ಖನಿ, ತಾಯಿಯ ಸಂಗಡ ಕನ್ನಡ, ಬೀಜ ಕೊಳ್ಳಲು ಬರುವವರ ಸಂಗಡ ತೆಲುಗು. ಇವು ಬೇರೆ ಬೇರೆ ಭಾಷೆಗಳೆಂಬುದು ಶಾಲೆಗೆ ಹೋದ ಮೇಲೆ ತಿಳಿಯಿತಂತೆ.

ಶಾಲೆಗೆ ಕಳುಹಿಸಿದ್ದು ಭಾಲ್ಕಿಗೆ. ನಾನೂ ಭಾಲ್ಕಿಯವನೇ. ಅಲ್ಲಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರ ಹೆಸರನ್ನು ಕೇಳದೆ ನಮ್ಮಲ್ಲಿ ಯಾರೂ ಬೆಳೆಯುವುದಿಲ್ಲ. 1890ರಲ್ಲಿ ಕಮಲನಗರದಲ್ಲಿ ಹುಟ್ಟಿ, ನೂರೆಂಟು ವರ್ಷಗಳಿಗೂ ಮಿಕ್ಕಿ ಬಾಳಿ, 1999ರಲ್ಲಿ ಲಿಂಗೈಕ್ಯರಾದ ಆ ಸ್ವಾಮಿಗಳು, ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಈ ಸೀಮೆಯಲ್ಲಿ ಮನೆಮಾತು. ಕನ್ನಡದ ಅಧ್ಯಾಪಕನಾದ ನಾನು ಈ ಸಂಗತಿಯನ್ನು ಪ್ರತಿವರ್ಷ ನವೆಂಬರ್ ತಿಂಗಳಿನಲ್ಲಿ ಒಂದಾದರೂ ವೇದಿಕೆಯ ಮೇಲೆ ಹೇಳುತ್ತೇನೆ. ಹೇಳುವಾಗ ಗಂಟಲು ಸ್ವಲ್ಪ ಬಿಗಿಯುತ್ತದೆ. ಮಾವನವರೂ ಆ ಸ್ವಾಮಿಗಳ ಪಾದಕ್ಕೆ ಮಣಿದು ಅಕ್ಷರ ಕಲಿತವರೇ. ಆದರೆ ಅವರ ಕಥೆ ನನ್ನ ಭಾಷಣದ ಕಥೆಗೆ ತಿರುವುಮುರುವು. ಹಗಲು ಭಾಲ್ಕಿಯ ಶಾಲೆಯಲ್ಲಿ ಕನ್ನಡ. ರಜೆಗೆ ಊರಿಗೆ ಬಂದರೆ ತಂದೆಯ ಮುಂದೆ ಕುಳಿತು ಉರ್ದು. 'ರಾಜ್ಯ ಹೋಯಿತು, ಕಾಗದ ಹೋಗಲಿಲ್ಲ. ಓದುವವನು ಒಬ್ಬನಾದರೂ ಬೇಕು' ಎಂದು ಆ ಮುದುಕ ಪಟವಾರಿ ಮಗನನ್ನು ಬಿಡದೆ ಕೂರಿಸಿಕೊಳ್ಳುತ್ತಿದ್ದರಂತೆ. ಸುತ್ತಲಿನವರೆಲ್ಲ ಉರ್ದುವನ್ನು ಮರೆಯುವ ಹುಮ್ಮಸ್ಸಿನಲ್ಲಿದ್ದಾಗ ಒಬ್ಬ ಹುಡುಗ ಅದನ್ನು ಕಲಿಯುತ್ತಿದ್ದ.

ಮುಂದೆ ಅವರು ಗ್ರಾಮಲೆಕ್ಕಿಗರಾದರು. ಆ ಹುದ್ದೆಗೆ ಆಗ ಅದೇ ಹೆಸರು. ಜನ ಮಾತ್ರ ಕೊನೆಯವರೆಗೂ 'ಪಟವಾರಿ ಸಾಹೇಬ್ರು' ಎಂದೇ ಕರೆದರು. ಭಾಲ್ಕಿ, ಔರಾದ ತಾಲೂಕುಗಳ ಹಳ್ಳಿಹಳ್ಳಿಗಳಲ್ಲಿ ಸೈಕಲ್ಲು ತುಳಿದು, 2006ರಲ್ಲಿ ನಿವೃತ್ತರಾಗಿ ಬೀದರದ ಹಳೆಯ ಊರಿನಲ್ಲಿ ಮನೆ ಹಿಡಿದರು. ಚೌಬಾರಾದಿಂದ ಮಹಮೂದ ಗವಾನನ ಮದರಸಾದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಓಣಿ. ಓಣಿಯ ಕೊನೆಗೆ ಕಲ್ಲಿನ ಕಟ್ಟೆಯ ಮನೆ. ಆ ಕಟ್ಟೆಯ ಮೇಲೆ ಅವರ ನಿಜವಾದ ಉದ್ಯೋಗ ಆರಂಭವಾಯಿತು.

ಅದನ್ನು ಸ್ವಲ್ಪ ವಿವರಿಸಬೇಕು. ಬೆಂಗಳೂರು ಮೈಸೂರುಗಳ ಓದುಗರಿಗೆ ಇದು ಹೊಸದಾಗಿ ತೋರಬಹುದು. ನಮ್ಮ ಭಾಗದಲ್ಲಿ ಹೊಲದ ಮೂಲ ದಾಖಲೆಗಳು, ಅಂದರೆ ಬಂದೋಬಸ್ತಿನ ಕಾಲದ ಸೇತವಾರ, ಅಣ್ಣತಮ್ಮಂದಿರ ಪಾಲುಪತ್ರ, ಇನಾಮಿನ ಸನದು, ಸಾಲದ ಕೈಬರಹ, ಇವೆಲ್ಲ ಉರ್ದುವಿನಲ್ಲಿವೆ. ಇಂದು ಪಹಣಿ ಗಣಕಯಂತ್ರದಿಂದ ಕನ್ನಡದಲ್ಲಿಯೇ ಹೊರಬರುತ್ತದೆ, ನಿಜ. ಆದರೆ ತಕರಾರು ಹುಟ್ಟಿದಾಗ ವಕೀಲರು ಕೇಳುವುದು ಹಳೆಯ ಕಾಗದವನ್ನು. ಹಳೆಯ ಕಾಗದ ಪೆಟ್ಟಿಗೆಯ ತಳದಲ್ಲಿದೆ. ಅದು ಏನು ಹೇಳುತ್ತದೆಂದು ಮನೆಯಲ್ಲಿ ಯಾರಿಗೂ ತಿಳಿಯದು. ಉರ್ದು ಶಾಲೆಯಲ್ಲಿ ಓದಿದ ಇಂದಿನ ಹುಡುಗರಿಗೂ ತಿಳಿಯದು. ಏಕೆಂದರೆ ಆ ಬರಹ ಅಚ್ಚಿನ ಉರ್ದುವಲ್ಲ, ಶಿಕಸ್ತ. ಶಿಕಸ್ತ ಎಂದರೆ ಪಾರಸಿಯಲ್ಲಿ 'ಮುರಿದದ್ದು'. ಗುಮಾಸ್ತೆ ಅವಸರದಲ್ಲಿ ಲೆಕ್ಕಣಿಕೆಯನ್ನು ಎತ್ತದೆ ಎಳೆದುಕೊಂಡು ಹೋಗುತ್ತಾನೆ. ಚುಕ್ಕೆಗಳನ್ನು ಇಟ್ಟರೆ ಇಟ್ಟ, ಇಲ್ಲವಾದರೆ ಇಲ್ಲ. ಆ ಲಿಪಿಯಲ್ಲಿ ಚುಕ್ಕೆಯೇ ಪ್ರಾಣ. ಚುಕ್ಕೆ ಅಕ್ಷರದ ಮೇಲಿದ್ದರೆ 'ಖುದಾ', ಕೆಳಗಿದ್ದರೆ 'ಜುದಾ'. ದೇವರು ಹೋಗಿ ಅಗಲಿಕೆ ಬರುತ್ತದೆ. ಮೊಬಲಗುಗಳು ಅಂಕೆಯಲ್ಲಿರುವುದಿಲ್ಲ, ಅರಬ್ಬೀ ಸಂಖ್ಯಾಪದಗಳನ್ನು ಮೊಟಕುಗೊಳಿಸಿದ ರಕಮು ಎಂಬ ಗುರುತುಗಳಲ್ಲಿರುತ್ತವೆ. ರೂಪಾಯಿಯೂ ನಮ್ಮ ರೂಪಾಯಿಯಲ್ಲ, ನಿಜಾಮರ ಹಾಲಿ ಸಿಕ್ಕಾ. ಅಂಥ ಏಳು ರೂಪಾಯಿಗೆ ಬ್ರಿಟಿಷ್ ಇಂಡಿಯಾದ ಆರು. ತಿಂಗಳುಗಳು ಆಜೂರ್, ದೈ, ಬಹಮನ್, ಖುರ್ದಾದ್, ಅಮರ್ದಾದ್. ಇಸವಿ ಫಸಲಿ, ಅಕ್ಟೋಬರಿನಲ್ಲಿ ಆರಂಭ. ಅದಕ್ಕೆ 590ನ್ನು, ಜನವರಿ ದಾಟಿದ್ದರೆ 591ನ್ನು ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ನಿಜಾಮರ ರಾಜ್ಯ ಮುಗಿದ ಮೇಲೆ 1949ರಲ್ಲಿ ಜಾಗೀರುಗಳನ್ನು ರದ್ದುಪಡಿಸಿದ ಕಾನೂನಿನ ಹೆಸರಿನಲ್ಲಿಯೂ 1358 ಫಸಲಿ ಎಂದೇ ಇದೆ. ದೊರೆ ಹೋದರೂ ಅವನ ಪಂಚಾಂಗ ಇನ್ನೂ ಕೆಲವು ದಿನ ನಡೆಯುತ್ತಿತ್ತು.

ಇಷ್ಟನ್ನೂ ಬಲ್ಲವರು ಜಿಲ್ಲೆಯಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದರು. ನಮ್ಮ ಮಾವನವರು ಅವರಲ್ಲೊಬ್ಬರು.

ಬೆಳಿಗ್ಗೆ ಒಂಬತ್ತಕ್ಕೆ ಸ್ನಾನ, ಲಿಂಗಪೂಜೆ ಮುಗಿಸಿ, ವಿಭೂತಿ ಧರಿಸಿ, ಬಿಳಿಯ ಟೊಪ್ಪಿಗೆ ಇಟ್ಟು ಅವರು ಕಟ್ಟೆಗೆ ಬರುವಷ್ಟರಲ್ಲಿ ಮೂರು ನಾಲ್ಕು ಜನ ಕುಳಿತಿರುತ್ತಿದ್ದರು. ಔರಾದದ ಬಸ್ಸಿನಲ್ಲಿ ಬಂದವರು, ಭಾಲ್ಕಿಯಿಂದ ರೈಲಿನಲ್ಲಿ ಬಂದವರು. ಪ್ಲಾಸ್ಟಿಕ್ ಚೀಲ, ಅದರೊಳಗೆ ಬಟ್ಟೆ, ಅದರೊಳಗೆ ಮಡಿಸಿದಲ್ಲೆಲ್ಲ ಸೀಳಿದ ಕಾಗದ. ಮಾವನವರು ಅದನ್ನು ಮಗುವಿನಂತೆ ಎರಡೂ ಕೈಯಲ್ಲಿ ತೆಗೆದುಕೊಂಡು ಮಣೆಯ ಮೇಲೆ ಹರವುತ್ತಿದ್ದರು. ಮೊದಲು ಒಮ್ಮೆ ಮನಸ್ಸಿನಲ್ಲಿಯೇ ಓದು. ಆಮೇಲೆ ಗಟ್ಟಿಯಾಗಿ ಉರ್ದುವಿನಲ್ಲಿ. ಆಮೇಲೆ ಕನ್ನಡದಲ್ಲಿ, ಇಲ್ಲವೆ ಬಂದವರ ಭಾಷೆಯಲ್ಲಿ. ಒಂದು ಪದ ತಿಳಿಯದಿದ್ದರೆ ಅಲ್ಲಿ ನಿಂತು, 'ಇದು ನಂಗ ತಿಳೀವಲ್ದು' ಎಂದು ಹೇಳಿ ಮುಂದಿನ ಪದಕ್ಕೆ ಹೋಗುತ್ತಿದ್ದರು. ಆ ಸ್ಥಳದಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಸೊನ್ನೆ. ಊಹೆ ಮಾಡಿ ಎಂದು ಎಷ್ಟು ಗೋಗರೆದರೂ ಮಾಡುತ್ತಿರಲಿಲ್ಲ. 'ಕಾಗದದಾಗ ಇದ್ದಷ್ಟೆ' ಎಂಬುದು ಅವರ ಮಾತು. ಬಂದವರಿಗೆ ಗೆಲುವಾಗುವ ಸುದ್ದಿಯಿದ್ದರೂ ಸೋಲಾಗುವ ಸುದ್ದಿಯಿದ್ದರೂ ದನಿ ಒಂದೇ. ಒಮ್ಮೆ ಅರವತ್ತು ವರ್ಷ ಹೊಲವೆಂದು ನಂಬಿಕೊಂಡ ಕಾಗದ ಬರೀ ಎರಡು ಎತ್ತುಗಳನ್ನು ಮಾರಿದ ಚೀಟಿಯೆಂದು ತಿಳಿದ ಮುದುಕನೊಬ್ಬ ಕಟ್ಟೆಯ ಮೇಲೆಯೇ ಅತ್ತುಬಿಟ್ಟ. ಮಾವನವರು ಅವನಿಗೆ ಚಹಾ ತರಿಸಿದರು. ಚೀಟಿಯಲ್ಲಿ ಎತ್ತಿನ ಬಣ್ಣ, ಸುಳಿ, ಹಲ್ಲುಗಳನ್ನು ವಿವರಿಸಿದ್ದ ಸಾಲುಗಳನ್ನು ಮತ್ತೊಮ್ಮೆ ಓದಿ ಹೇಳಿದರು. ದೇವಣಿ ತಳಿಯ ಜೋಡಿಯಿರಬೇಕು, ಔರಾದದ ಅಮರೇಶ್ವರ ಜಾತ್ರೆಯಲ್ಲಿ ಕೊಂಡದ್ದು. ಮುದುಕ ಕಣ್ಣೊರಸಿಕೊಂಡು, 'ನಮ್ಮಪ್ಪನ ಎತ್ತು ಹಂಗೇ ಇದ್ದವು' ಎಂದ.

ಈ ಕೆಲಸಕ್ಕೆ ಅವರು ಹಣ ಮುಟ್ಟುತ್ತಿರಲಿಲ್ಲ. ಹೊಲದಲ್ಲಿ ಬೆಳೆದ ತೊಗರಿಯನ್ನೋ ಹೆಸರನ್ನೋ ಯಾರಾದರೂ ತಂದಿಟ್ಟರೆ ಬೇಡವೆನ್ನುತ್ತಿರಲಿಲ್ಲ. ಅದನ್ನು ಅತ್ತೆಯವರು ಒಳಗಿಡುತ್ತಿದ್ದರು. ಹಣ ಏಕೆ ಮುಟ್ಟುವುದಿಲ್ಲವೆಂದು ನಾನು ಮದುವೆಯಾದ ಹೊಸತರಲ್ಲಿ ಕೇಳಿದೆ. 'ರೊಕ್ಕ ಕೊಟ್ಟಾತ ತನಗ ಬೇಕಾದಂಗ ಓದು ಅಂತಾನ, ಮಾಸ್ತರ್' ಎಂದರು. ಅವರು ನನ್ನನ್ನು ಅಳಿಯನೆಂದು ಕರೆದದ್ದು ಕಡಿಮೆ. ಕಾಲೇಜಿನಲ್ಲಿ ಪಾಠ ಹೇಳುವವನು ಅವರ ಲೆಕ್ಕದಲ್ಲಿ ಮಾಸ್ತರನೇ.

ನನ್ನ ವಿದ್ಯೆಯ ಬಗ್ಗೆ ಅವರಿಗೆ ಗೌರವವಿತ್ತು. ಅದರ ಜೊತೆಗೆ ಒಂದು ತುಂಟತನವೂ ಇತ್ತು. ಒಂದು ಸಂಜೆ ನಾನು ಕವಿರಾಜಮಾರ್ಗದ ಪಾಠಕ್ಕೆ ಸಿದ್ಧತೆ ಮಾಡಿಕೊಳ್ಳುತ್ತಿದ್ದೆ. ಅದು ಯಾವ ಕಾಲದ್ದೆಂದು ಕೇಳಿದರು. ಒಂಬತ್ತನೆಯ ಶತಮಾನ, ನಮ್ಮ ಮಳಖೇಡದ ರಾಷ್ಟ್ರಕೂಟರ ಆಸ್ಥಾನದ್ದು ಎಂದೆ. ಬೆರಳು ಮಡಿಸಿ ಎಣಿಸಿ, 'ಸಾವಿರದ ನೂರು ವರ್ಷದ್ದು ಓದ್ತೀರಿ. ನಿಮ್ಮ ಅಜ್ಜನ ಹೊಲದ ಕಾಗದ ಎಂಬತ್ತು ವರ್ಷದ್ದು, ಅದು ಓದ್ಲಾಕ ಬರಲ್ಲ' ಎಂದರು. ನಕ್ಕೆ, ಆದರೆ ಆ ಮಾತು ನೆನಪಿನಲ್ಲಿ ಉಳಿಯಿತು. ಕನ್ನಡವನ್ನು ಕಾಪಾಡಿದವರ ನಾಡಿನಲ್ಲಿ ಹುಟ್ಟಿದ ನಾನು ಉರ್ದುವನ್ನು ದೂರದಿಂದ, ಆ ಫಲಕದ ಹೊರಮೈಯಂತೆ ನೋಡಿದ್ದೆ. ಅವರು ಹಾಗೆ ನೋಡಲಿಲ್ಲ. ಜಮೀನು, ಹಕ್ಕು, ದಾಖಲೆ, ಅರ್ಜಿ, ವಕೀಲ, ರಾಜಿ, ಜಪ್ತಿ, ಇವನ್ನೆಲ್ಲ ತೆಗೆದುಹಾಕಿದರೆ ನಿಮ್ಮ ಕನ್ನಡದಲ್ಲಿ ಒಬ್ಬ ರೈತ ತನ್ನ ಹೊಲವನ್ನು ಹೇಗೆ ಉಳಿಸಿಕೊಳ್ಳುತ್ತಾನೆ ಎಂಬುದು ಅವರ ಪ್ರಶ್ನೆ. ಇದಕ್ಕೆ ವ್ಯಾಕರಣದಲ್ಲಿ ಉತ್ತರವಿದೆ. ಕಟ್ಟೆಯ ಮೇಲೆ ಇರಲಿಲ್ಲ.

ಇನ್ನು ಬಾವಿಯ ಸಂಗತಿಗೆ ಬರುತ್ತೇನೆ. ಅವರನ್ನು ನಾನು ಬರೀ ಹೆಣ್ಣು ಕೊಟ್ಟ ಮಾವನೆಂದಲ್ಲದೆ ಬೇರೊಂದು ಬಗೆಯಲ್ಲಿ ನೋಡತೊಡಗಿದ್ದು ಅಂದಿನಿಂದ.

2016ರ ಬೇಸಗೆ. ನೆರೆಯ ಲಾತೂರಿಗೆ ರೈಲಿನಲ್ಲಿ ನೀರು ಸಾಗಿಸಿದ ವರ್ಷ. ಔರಾದದ ಕಡೆಯೂ ಕೊಳವೆಬಾವಿಗಳು ಬತ್ತಿ, ಹಳೆಯ ತೆರೆದ ಬಾವಿಗಳಲ್ಲಿ ಒಂದೆರಡು ಮಾತ್ರ ಉಸಿರಾಡುತ್ತಿದ್ದವು. ಮಾವನವರ ಊರಿನ ಹೊಲದ ಬಾವಿ ಅವುಗಳಲ್ಲೊಂದು. ಹೊಲವನ್ನು ನೋಡಿಕೊಳ್ಳುತ್ತಿದ್ದವರು ಅವರ ಅಣ್ಣ. ಅಣ್ಣತಮ್ಮಂದಿರ ನಡುವೆ ಪಾಲಾಗಿರಲಿಲ್ಲ, ಆಗುವ ಅಗತ್ಯವೂ ಬಂದಿರಲಿಲ್ಲ. ಒಂದು ದಿನ ಪಕ್ಕದ ಹೊಲದ ರೈತರು ಕಟ್ಟೆಗೆ ಬಂದರು. ಅರವತ್ತರ ವಯಸ್ಸು, ಕುತ್ತಿಗೆಗೆ ಹಸಿರು ವಸ್ತ್ರ. ಸುತ್ತ ಕುಳಿತ ಜನ ಕರಗುವ ತನಕ ಕಾದು, ಚೀಲದಿಂದ ಒಂದು ಕಾಗದ ತೆಗೆದರು. ಅವರ ಮುಖದಲ್ಲಿ ಅಂಜಿಕೆಯಿತ್ತು. ತಮ್ಮ ಅಜ್ಜ ಮಾವನವರ ಅಜ್ಜನಿಂದ ಸಾಲ ಪಡೆದು ಬರೆದುಕೊಟ್ಟ ಪತ್ರ ಅದೆಂದು ಅವರ ಮನೆಯಲ್ಲಿ ನಂಬಿಕೆ. ಬರಗಾಲದಲ್ಲಿ ಹೊಲ ಮಾರಬೇಕಾಗಿ ಬಂದಿದೆ; ಮಾರುವ ಮೊದಲು ಸಾಲವೆಷ್ಟೆಂದು ತಿಳಿದುಕೊಂಡು ತೀರಿಸಿಬಿಡೋಣ ಎಂದು ಬಂದಿದ್ದರು.

ಮಾವನವರು ಕಾಗದವನ್ನು ಹರವಿದರು. ಮನಸ್ಸಿನಲ್ಲಿ ಓದಿಕೊಂಡರು. ಸಾಮಾನ್ಯವಾಗಿ ಅರ್ಧ ತಾಸಿನೊಳಗೆ ಗಟ್ಟಿಯಾಗಿ ಓದಲು ಆರಂಭಿಸುವವರು ಅಂದು ಆರಂಭಿಸಲಿಲ್ಲ. ಮಡಿಸಿ, ಆ ರೈತರ ಕೈಗೇ ಕೊಟ್ಟು, 'ಇದು ನನ್ನ ಮನೀ ಕಾಗದ. ನಾ ಓದಿದ್ರ ನಡಿಯಲ್ಲ. ಸಾಹೇಬ್ರನ್ನ ಕರೀರಿ' ಎಂದರು. ಎರಡು ಓಣಿಯಾಚೆ ಒಬ್ಬ ನಿವೃತ್ತ ಉರ್ದು ಮಾಸ್ತರರಿದ್ದರು, ಮಾವನವರಿಗಿಂತ ಹಿರಿಯರು. ಅವರನ್ನು ಕರೆತಂದದ್ದು ನಾನೇ. ಅವರು ಕನ್ನಡಕ ಏರಿಸಿ ಓದತೊಡಗಿದರು. ಮಾವನವರು ನನ್ನ ಕೈಗೆ ಕಾಗದ ಪೆನ್ಸಿಲು ಕೊಟ್ಟು, 'ಬರಕೊಳ್ರಿ ಮಾಸ್ತರ್, ಒಂದ ಅಕ್ಷರ ಬಿಡಬ್ಯಾಡ್ರಿ' ಎಂದರು.

ಅದು ಸಾಲಪತ್ರವಾಗಿರಲಿಲ್ಲ. 1341 ಫಸಲಿಯ ಖುರ್ದಾದ್ ತಿಂಗಳಿನ ಒಂದು ಇಕರಾರನಾಮೆ. ಅಂದರೆ 1932ರ ಏಪ್ರಿಲ್ ಸುಮಾರು, ಬಾವಿ ತೋಡುವ ಕಾಲ. ಇಬ್ಬರು ಅಜ್ಜಂದಿರು ಸೇರಿ, ಎರಡು ಹೊಲಗಳ ನಡುವಿನ ಬದುವಿನ ಬಳಿ ಬಾವಿ ತೋಡಿಸುವುದು. ಕಲ್ಲು, ಕೂಲಿ, ಮದ್ದಿನ ಖರ್ಚು ಸಮವಾಗಿ ಹಾಕುವುದು. ಒಂದು ದಿನ ಒಬ್ಬರ ಕಪಿಲೆ, ಮರುದಿನ ಮತ್ತೊಬ್ಬರದು. ಬಾವಿಯಲ್ಲಿ ಇಬ್ಬರಿಗೂ ಎಂಟೆಂಟಾಣೆ ಪಾಲು, ಮಕ್ಕಳು ಮೊಮ್ಮಕ್ಕಳ ತನಕ. ಸಾಲದ ಮಾತೇ ಇಲ್ಲ. ಒಂದು ಪದದ ಮೇಲೆ ಉರ್ದು ಮಾಸ್ತರರು ನಿಂತರು. ಮಾವನವರ ಕಡೆಗೆ ನೋಡಿದರು. ಮಾವನವರು ತುಟಿ ಬಿಚ್ಚಲಿಲ್ಲ. ಅವರೇ ಮತ್ತೆ ಕಾಗದವನ್ನು ಬೆಳಕಿಗೆ ಹಿಡಿದು, 'ನಿಸ್ಫ್' ಎಂದರು. ನಿಸ್ಫ್ ಎಂದರೆ ಅರ್ಧ. ಮಾವನವರು ಆಗ ತಲೆಯಾಡಿಸಿದರು.

ಆ ರೈತರಿಗೆ ಮೊದಲು ಅರ್ಥವೇ ಆಗಲಿಲ್ಲ. ಎಂಬತ್ತು ವರ್ಷಗಳಿಂದ ಸಾಲಗಾರರೆಂದು ತಲೆತಗ್ಗಿಸಿ, ಬಾವಿಯ ಹತ್ತಿರ ಹೋಗಲೂ ಹಿಂಜರಿದ ಮನೆತನ. ಎಷ್ಟು ಕೊಡಬೇಕು ಎಂದು ಮತ್ತೆ ಕೇಳಿದರು. ಕೊಡಬೇಕಾದವರು ನಾವು ಎಂದರು ಮಾವನವರು. ನೋಂದಣಿಯಾಗದ ಆ ಹಳೆಯ ಕಾಗದಕ್ಕೆ ನ್ಯಾಯಾಲಯದಲ್ಲಿ ಎಷ್ಟು ಬೆಲೆಯೆಂಬುದು ವಕೀಲರು ಹೇಳಬೇಕಾದ ಮಾತು. ಲೆಕ್ಕಿಗರಾಗಿ ಮೂವತ್ತು ಮಳೆಗಾಲ ಕಂಡವರಿಗೆ ಅದು ತಿಳಿಯದ್ದಲ್ಲ. ಸುಮ್ಮನೆ ಇದ್ದಿದ್ದರೆ ಕೇಳುವವರು ಯಾರೂ ಇರಲಿಲ್ಲ. 'ಸಾಲ ಇಲ್ಲ, ಹೋಗ್ರಿ' ಎಂದಿದ್ದರೂ ಆ ರೈತರು ಕೈಮುಗಿದು ಸಂತೋಷದಿಂದ ಹೋಗುತ್ತಿದ್ದರು. ಅದರಲ್ಲಿ ಸುಳ್ಳೂ ಇರುತ್ತಿರಲಿಲ್ಲ. ಈ ಮಾತನ್ನು ನಾನು ಅಂದು ರಾತ್ರಿ ಹೆಂಡತಿಗೆ ಹೇಳಿದೆ. 'ಅರ್ಧ ಕಾಗದ ಓದಿದಂಗಾಗ್ತಿತ್ತು' ಎಂದಳು. ಅವಳು ಅವರ ಮಗಳು.

ಮರುದಿನವೇ ಮಾವನವರು ಊರಿಗೆ ಹೋದರು. ನಾನೂ ಹೋದೆ. ಅಣ್ಣನವರ ಮುಂದೆ ನನ್ನ ಬರಹವನ್ನು ನನ್ನಿಂದಲೇ ಓದಿಸಿದರು. ಅಣ್ಣನವರು ಕೆಟ್ಟವರಲ್ಲ, ಬರಗಾಲದಲ್ಲಿ ನಿಂತ ಬೆಳೆಯನ್ನು ಉಳಿಸಿಕೊಳ್ಳಲು ಹೆಣಗುತ್ತಿದ್ದ ರೈತರು. ಪೂರ್ತಿ ಕೇಳಿ, ಬಹಳ ಹೊತ್ತು ಸುಮ್ಮನಿದ್ದು, 'ನಿನಗ ಆ ಅಕ್ಷರ ಬರದಿದ್ರ ಚಲೋ ಇತ್ತು' ಎಂದು ತಮ್ಮನಿಗೆ ಹೇಳಿದರು. ಅವರ ಪಾಳಿ ಅವರಿಗಿರಲಿ, ನನ್ನ ಪಾಲಿಗೆ ಬರುವ ದಿನಗಳ ನೀರು ಪಕ್ಕದ ಹೊಲಕ್ಕೆ ಹೋಗಲಿ ಎಂದು ಮಾವನವರು ತೀರ್ಮಾನಿಸಿದರು. ಹಾಗೆಯೇ ಆಯಿತು. ಪಕ್ಕದ ಹೊಲ ಮಾರಾಟವಾಗಲಿಲ್ಲ. ಅಣ್ಣನವರು ಮಾತು ಬಿಟ್ಟರು. ಹಬ್ಬಕ್ಕೆ ಕರೆಯಲಿಲ್ಲ, ಕರೆದರೆ ಬರಲಿಲ್ಲ. ಅತ್ತೆಯವರು ಒಲೆಯ ಮುಂದೆ ಕುಳಿತು, 'ಊರ ಕಾಗದ ಓದಿ ಓದಿ ಮನೀ ಕಾಗದಾನೂ ಊರಿಗೆ ಓದಿದ್ರಿ' ಎಂದರು. ಮಾವನವರು ಉತ್ತರ ಕೊಡಲಿಲ್ಲ. ಆದರೆ ಅಣ್ಣನ ಮಾತು ನಿಂತದ್ದು ಅವರನ್ನು ಒಳಗೆ ಸವೆಸಿತು. ಔರಾದದ ಬಸ್ಸಿನಿಂದ ಇಳಿದ ಪ್ರತಿಯೊಬ್ಬರ ಮುಖವನ್ನೂ ಕಟ್ಟೆಯ ಮೇಲಿಂದ ಒಂದು ಕ್ಷಣ ಹೆಚ್ಚಾಗಿ ನೋಡುತ್ತಿದ್ದರು. ಅವರು ಯಾರನ್ನು ಹುಡುಕುತ್ತಿದ್ದಾರೆಂದು ಮನೆಯವರಿಗೆಲ್ಲ ತಿಳಿದಿತ್ತು. ಸತ್ಯ ಹೇಳಿದವನಿಗೆ ಮನಶ್ಶಾಂತಿ ದೊರೆಯುತ್ತದೆಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ನಾನು ಕಂಡದ್ದು ಹಾಗಿರಲಿಲ್ಲ. ಅವರಿಗೆ ಅಣ್ಣನೂ ಬೇಕಾಗಿತ್ತು.

ಆ ವರ್ಷಗಳಲ್ಲಿ ಅವರನ್ನು ಗೆಲುವಾಗಿಟ್ಟವನು ನನ್ನ ಮಗ. ನಮ್ಮ ಕಡೆ ಅಜ್ಜನನ್ನು ಮುತ್ಯಾ ಎನ್ನುತ್ತೇವೆ. ಮುತ್ಯಾ ಮೊಮ್ಮಗರ ಜೋಡಿ ಬೀದರದ ಹಳೆಯ ಊರಿನಲ್ಲಿ ಪ್ರಸಿದ್ಧವಾಗಿತ್ತು. ಒಬ್ಬರ ಬಿಳಿಯ ಟೊಪ್ಪಿಗೆ, ಮತ್ತೊಬ್ಬನ ಕೆಂಪು ಸ್ವೆಟರು. ಮದರಸಾದ ಮುಂದೆ ನಿಂತು, 1472ರಲ್ಲಿ ಗವಾನ ಕಟ್ಟಿಸಿದ ಆ ಗೋಡೆಯ ಬಣ್ಣದ ಹೆಂಚುಗಳಲ್ಲಿ ಉಳಿದಿರುವ ಅಕ್ಷರಗಳಲ್ಲಿ 'ಅಲಿಫ್' ಎಲ್ಲಿದೆಯೆಂದು ಹುಡುಕುವುದು ಇಬ್ಬರ ಆಟ. ಅಲಿಫ್ ಎಂದರೆ ನೆಟ್ಟಗೆ ನಿಂತ ಒಂದು ಗೆರೆ; ಮೊದಲ ದಿನ ಹುಡುಗ ಅದನ್ನು ಗೋಡೆಯ ಬಿರುಕಿನಲ್ಲಿಯೂ ಕಂಡುಹಿಡಿದ. ಕನ್ನಡ ಅಕ್ಷರಮಾಲೆಯನ್ನು ನಾನು ಕಲಿಸಿದೆ, ಅಲಿಫ್ ಬೇ ಪೇಯನ್ನು ಮುತ್ಯಾ ಕಲಿಸಿದರು. ಹುಡುಗನಿಗೆ ತಲೆ ಗೊಂದಲವಾದೀತೆಂದು ಯಾರೋ ಹೇಳಿದರು. ಎಡದಿಂದ ಬಲಕ್ಕೆ ಒಂದು, ಬಲದಿಂದ ಎಡಕ್ಕೆ ಒಂದು, ಎರಡೂ ಎತ್ತು ಇದ್ದರೆ ಬಂಡಿ ನೆಟ್ಟಗೆ ಹೋಗುತ್ತದೆ ಎಂದು ಮುತ್ಯಾ ಸಮಾಧಾನ ಹೇಳಿದರು.

ಒಮ್ಮೆ ಅಷ್ಟೂರಿಗೆ ಕರೆದುಕೊಂಡು ಹೋಗಿದ್ದರು, ನಾನೂ ಜೊತೆಗಿದ್ದೆ. ಕಲಬುರಗಿಯಿಂದ ರಾಜಧಾನಿಯನ್ನು ಬೀದರಕ್ಕೆ ತಂದ ಬಹಮನಿ ಸುಲ್ತಾನ ಅಹಮದ ಶಾಹ ಅಲ್ಲಿ ಮಲಗಿದ್ದಾನೆ, ಕಾಲವಾದದ್ದು 1436ರಲ್ಲಿ. ಜನ ಅವನನ್ನು ವಲಿ ಎಂದು ಪೂಜಿಸುತ್ತಾರೆ. ಅಲ್ಲಮಪ್ರಭುವಿನ ಅವತಾರವೆಂದು ನಂಬುವವರೂ ಇದ್ದಾರೆ, ಉರುಸಿಗೆ ಮಾಡ್ಯಾಳದಿಂದ ಜಂಗಮರು ಬರುತ್ತಾರೆ. ಗುಮ್ಮಟದ ಒಳಮೈಯೆಲ್ಲ ಚಿನ್ನದ, ಬಣ್ಣದ ಅಕ್ಷರ. ಹುಡುಗ ಕತ್ತೆತ್ತಿ, 'ಮುತ್ಯಾ, ಓದು' ಎಂದ. ಮುತ್ಯಾ ಬಹಳ ಹೊತ್ತು ನೋಡಿ, 'ಇದು ಬ್ಯಾರೆ ನಮೂನಿ ಬರಹ ಅಪ್ಪಾ, ನಂಗ ತಿಳೀವಲ್ದು' ಎಂದರು. ಮುತ್ಯಾನಿಗೆ ತಿಳಿಯದ ಅಕ್ಷರವೂ ಇದೆಯೆಂಬುದು ಆ ಮಗುವಿಗೆ ದೊಡ್ಡ ಆಶ್ಚರ್ಯ. ಮನೆಗೆ ಬಂದು ತಾಯಿಗೆ ಮೊದಲು ಹೇಳಿದ ಸುದ್ದಿ ಅದೇ.

ಎಳ್ಳ ಅಮಾವಾಸ್ಯೆಗೆ ಮಾತ್ರ ಅವರು ತಪ್ಪದೆ ಊರ ಹೊಲಕ್ಕೆ ಹೋಗುತ್ತಿದ್ದರು. ಆ ದಿನ ನಮ್ಮ ಜಿಲ್ಲೆಯಲ್ಲಿ ಮನೆಗಳಿಗೆ ಬೀಗ, ಹೊಲಗಳಲ್ಲಿ ಊಟ. ಸಜ್ಜೆಯ ರೊಟ್ಟಿ, ಹಸಿ ಕಾಳು ಸೊಪ್ಪುಗಳೆಲ್ಲ ಬೆಂದು ಒಂದಾದ ಭಜ್ಜಿ, ಮಡಕೆಯಲ್ಲಿ ತಣ್ಣಗಿನ ಅಂಬಲಿ. ಬಾವಿಯ ಒಂದು ಬದಿಗೆ ನಾವು, ಇನ್ನೊಂದು ಬದಿಗೆ ಪಕ್ಕದ ಹೊಲದವರು. ಅಣ್ಣನವರ ಮನೆಯವರು ದೂರದ ಬೇವಿನ ಮರದ ಕೆಳಗೆ. ಅಲ್ಲಿಂದ ಅಣ್ಣನವರ ಸೊಸೆ ಒಂದು ಬಟ್ಟಲು ಭಜ್ಜಿಯನ್ನು ಸೆರಗಿನಲ್ಲಿ ಮುಚ್ಚಿ ತಂದು ಕೊಡುತ್ತಿದ್ದರು. ಯಾರು ಕಳುಹಿಸಿದರೆಂದು ಮಾವನವರು ಕೇಳುತ್ತಿರಲಿಲ್ಲ. ನಮ್ಮ ಭಜ್ಜಿ ಮುಗಿಯುವ ಮೊದಲೇ ಅದನ್ನು ಮುಗಿಸುತ್ತಿದ್ದರು.

ಅದೇ ಹೊಲದಲ್ಲಿ ಅವರ ಸಮಾಧಿಯಾಯಿತು. ಮಳೆ ಹಿಡಿದಿತ್ತು, ಕರಿಮಣ್ಣು ಕಾಲಿಗೆ ಅಂಟುತ್ತಿತ್ತು. ಕುಣಿ ತೋಡಿದವರಲ್ಲಿ ಪಕ್ಕದ ಹೊಲದ ಆ ರೈತರ ಇಬ್ಬರು ಮಕ್ಕಳಿದ್ದರು. ಸ್ನಾನಕ್ಕೆ ನೀರು ಆ ಬಾವಿಯದೇ. ಅಣ್ಣನವರು ಕೋಲೂರಿಕೊಂಡು ಬಂದರು. ಏಳು ವರ್ಷಗಳ ಮೇಲೆ ತಮ್ಮನ ಮುಖ ನೋಡಿ, ಹಣೆಯ ವಿಭೂತಿ ಮಳೆಗೆ ಅಳಿಸಿದ್ದನ್ನು ತಮ್ಮ ಬೆರಳಿನಿಂದ ಮತ್ತೆ ತೀಡಿದರು. ಮಾತಾಡಲಿಲ್ಲ. ಆಮೇಲೆ ಬಾವಿಯ ಕಟ್ಟೆಯ ಮೇಲೆ ಕುಳಿತು, ಎಲ್ಲರೂ ಹೋದ ಮೇಲೂ ಅಲ್ಲಿಯೇ ಇದ್ದರಂತೆ.

ಇನ್ನು ಟ್ರಂಕು. ಅದರಲ್ಲಿ ಹದಿನೇಳು ಲಕೋಟೆಗಳಿದ್ದವು. ಓದಲೆಂದು ಜನ ಬಿಟ್ಟುಹೋದ ಕಾಗದಗಳು. ಪ್ರತಿಯೊಂದರ ಮೇಲೂ ಹೆಸರು, ಊರು, ಬಂದ ತಾರೀಖು, ಅವರ ದುಂಡನೆಯ ಕನ್ನಡ ಅಕ್ಷರಗಳಲ್ಲಿ. ಒಳಗೆ ಕೆಲವಕ್ಕೆ ಪೂರ್ತಿ ಕನ್ನಡ ನಕಲು, ಕೆಲವಕ್ಕೆ ಅರ್ಧ. ಅರ್ಥವಾಗದ ಕಡೆ ಅದೇ ಸಣ್ಣ ಸೊನ್ನೆ. ಒಂದರಲ್ಲಿ ಸೊನ್ನೆಗಳೇ ಹೆಚ್ಚಾಗಿದ್ದವು. ಅದರ ಬೆನ್ನಿಗೆ, 'ನಾಲ್ಕನೆಯ ಸಾಲು ಹುಳ ತಿಂದಿದೆ. ಕೇಳಿದರೆ ಇಲ್ಲವೆಂದೇ ಹೇಳುವುದು' ಎಂದು ಬರೆದಿದ್ದರು. ಯಾರಿಗೆ ಹೇಳಿಟ್ಟ ಮಾತು ಅದು? ಬಹುಶಃ ನನಗೇ ಇರಬೇಕು.

ಲಕೋಟೆಗಳನ್ನು ಹಿಂತಿರುಗಿಸುವ ಕೆಲಸವನ್ನು ನಾನೂ ನನ್ನ ಹೆಂಡತಿಯೂ ರವಿವಾರಗಳಲ್ಲಿ ಮಾಡಿದೆವು. ಭಾಲ್ಕಿ, ಕಮಲನಗರ, ಸಂತಪುರ, ಔರಾದ. ಕೆಲವು ಮನೆಗಳಲ್ಲಿ ಕಾಗದ ಕೊಟ್ಟವರೇ ತೀರಿಹೋಗಿದ್ದರು. ಮಕ್ಕಳಿಗೆ ಆ ಕಾಗದದ ವಿಷಯವೇ ಗೊತ್ತಿರಲಿಲ್ಲ. ಒಂದು ಮನೆಯಲ್ಲಿ ನಮ್ಮನ್ನು ಜಮೀನಿನ ದಲ್ಲಾಳಿಗಳೆಂದು ತಿಳಿದು ಬಾಗಿಲಲ್ಲಿಯೇ ನಿಲ್ಲಿಸಿದರು. 'ಪಟವಾರಿ ಸಾಹೇಬ್ರ ಮಗಳು' ಎಂದ ಮೇಲೆ ಒಳಗಿನಿಂದ ಒಬ್ಬ ಅಜ್ಜಿ ಬಂದು ನನ್ನ ಹೆಂಡತಿಯ ಗಲ್ಲ ಸವರಿದಳು. ಹದಿನಾರು ಹೋದವು. ಒಂದರ ವಿಳಾಸ ಮಸಿ ಹರಡಿ ಅಳಿಸಿಹೋಗಿದೆ. ಅದು ಇನ್ನೂ ಟ್ರಂಕಿನಲ್ಲಿದೆ.

ಕಟ್ಟೆಗೆ ಜನ ಬರುವುದು ನಿಂತಿಲ್ಲ. ಸಾವಿನ ಸುದ್ದಿ ಹಳ್ಳಿಗಳಿಗೆ ನಿಧಾನವಾಗಿ ಹೋಗುತ್ತದೆ. ಕಳೆದ ತಿಂಗಳು ಸಂತಪುರದ ಕಡೆಯಿಂದ ಒಬ್ಬರು ಬಂದರು, ಮಡಿಸಿದ ಕಾಗದ ಹಿಡಿದು. ಅತ್ತೆಯವರು ವಿಷಯ ಹೇಳಿದರು. ಅವರು ಟೊಪ್ಪಿಗೆ ತೆಗೆದು ಕಟ್ಟೆಗೆ ಕೈಮುಗಿದು, ಅಷ್ಟು ದೂರದಿಂದ ಬಂದವರು ಹಾಗೆಯೇ ಕುಳಿತರು. ನನ್ನ ಮಗ ಶಾಲೆಯಿಂದ ಬಂದವನು ಚೀಲವನ್ನು ಕೆಳಗಿಟ್ಟು, ಕೈತೊಳೆದುಕೊಂಡು ಬಂದು, ಆ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮಣೆಯ ಮೇಲೆ ಹರವಿದ. ಬೆರಳಿಟ್ಟು ನೋಡಿದ. 'ಬಹಮನ್' ಎಂದ. ಸ್ವಲ್ಪ ತಡೆದು, '1352' ಎಂದ. 591 ಕೂಡಿಸಲು ಬೆರಳು ಸಾಲದೆ ಪಾಟಿಯ ಮೇಲೆ ಬರೆದುಕೊಂಡ. ಮತ್ತೆ, ಬಹಮನ್ ಜನವರಿಗಿಂತ ಮೊದಲೇ ಆರಂಭವಾಗುತ್ತದೆಂದು ನೆನಪಾಗಿ, 1942 ಎಂದೂ 1943 ಎಂದೂ ಎರಡನ್ನೂ ಬರೆದ. ಆ ರೈತರು ಮುಂದಕ್ಕೆ ಬಾಗಿ, ಮುಂದೇನಿದೆ ಎಂದು ಕೇಳಿದರು.

'ಮುಂದ ನಂಗ ತಿಳೀವಲ್ದು' ಎಂದು ಹುಡುಗ ಕಾಗದವನ್ನು ಮೊದಲಿನ ಮಡಿಕೆಗಳಲ್ಲಿಯೇ ಮಡಿಸಿ ಅವರ ಕೈಗೆ ಕೊಟ್ಟ. ಎರಡು ಓಣಿಯಾಚೆಯ ಉರ್ದು ಮಾಸ್ತರರಿಗೆ ಈಗ ಕಣ್ಣು ಮಂಜಾಗಿದೆ, ಆದರೂ ಬೆಳಗಿನ ಬೆಳಕಿನಲ್ಲಿ ಓದುತ್ತಾರೆ. ಅವರ ಮನೆಯ ಗುರುತನ್ನು ಹೇಳಿ, ನಾಳೆ ಬೆಳಿಗ್ಗೆ ಬರಬೇಕೆಂದು ತಿಳಿಸಿದೆ. ಅತ್ತೆಯವರು ಚಹಾ ತಂದರು. ಆ ರೈತರು ಚಹಾ ಕುಡಿದು, ಚೀಲದಿಂದ ಒಂದು ಸೇರು ಹೆಸರು ತೆಗೆದು ಮಣೆಯ ಪಕ್ಕದಲ್ಲಿಟ್ಟು, ಔರಾದದ ಬಸ್ಸಿಗೆ ಹೊತ್ತಾಯಿತೆಂದು ಎದ್ದರು.